ಜೂಲನ ಅಗ್ಗದ ನರಿಬೇಟೆ

ಮಕ್ಕಳೇ, ಕಲ್ಲುಗುಡ್ಡಗಳ ನಡುವೆ ಒಂದು ಕುರುಚಲು ಕಾಡು. ಅದರ ಅಂಚಿನಲ್ಲಿ ಮುಳ್ಳುಬೇಲಿ ಹಾಕಿದ ಒಂದು ಕುರಿರೊಪ್ಪ. ಕುರಿಗಾರ ಸಣ್ಣೀರಪ್ಪ ಬೆಳಿಗ್ಗೆ ದೊಡ್ಡ ಕುರಿಗಳನ್ನು ಮೇಯಲು ಹೊಡೆದುಕೊಂಡು ಹೋದರೆ ಮರಳುವುದು ಸಂಜೆಗೆ. ದೂರ ನಡೆಯಲಾರದ ಎಳೆಮರಿಗಳು ಅಷ್ಟು ಹೊತ್ತೂ ರೊಪ್ಪದಲ್ಲೇ ಇರುತ್ತಿದ್ದವು. ಅವುಗಳ ಕಾವಲಿಗೆ ಮೂರು ನಾಯಿಗಳಿದ್ದವು.

ಮೂವರಲ್ಲಿ ಯಜಮಾನ ಜೂಲ. ಮೈತುಂಬ ಕೂದಲು, ತಲೆತುಂಬ ಅನುಮಾನ. ರೊಟ್ಟಿ ಮೆತ್ತಗಿದ್ದರೆ, "ಇವತ್ಯಾಕೆ ಮೆತ್ತಗಿದೆ?" ಎಂದು ಮೂರು ಸಲ ಮೂಸುತ್ತಿದ್ದ. ಎಮ್ಮೆ ಸೀನಿದರೆ, "ಯಾರಿಗೆ ಸನ್ನೆ ಮಾಡಿತು?" ಎಂದು ಎದ್ದು ಕೂರುತ್ತಿದ್ದ. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿಯೇ ಅಲ್ಲವೇ? ಉಳಿದ ಇಬ್ಬರಲ್ಲಿ ಕರ್ಕಿ ಚುರುಕು ಹೆಣ್ಣುನಾಯಿ, ಇನ್ನೊಬ್ಬ ಹಲ್ಲು ಸವೆದ ಬೋಳಜ್ಜ.

ಆ ತಿಂಗಳು ಒಂದು ಗುಳ್ಳೆನರಿ ಹಾಡುಹಗಲೇ ಎರಡು ಮರಿಗಳನ್ನು ಹೊತ್ತೊಯ್ದಿತ್ತು. ಸಣ್ಣೀರಪ್ಪ ಕೋಲು ನೆಲಕ್ಕೆ ಕುಟ್ಟಿ ಹೇಳಿದ್ದ: "ಇನ್ನೊಂದು ಮರಿ ಹೋಗಲಿ, ಬೇರೆ ಕಾವಲುನಾಯಿ ತರ್ತೀನಿ."

ಜೂಲನಿಗೆ ಅನ್ನದ ಚಿಂತೆಗಿಂತ ದೊಡ್ಡ ಚಿಂತೆ ಇನ್ನೊಂದಿತ್ತು. ಒಂದು ಬಿಳಿಮೂತಿಯ ಮರಿ ದಿನವೂ ಮಧ್ಯಾಹ್ನ ಅವನ ಹೊಟ್ಟೆಗೆ ಒರಗಿ ಮಲಗುತ್ತಿತ್ತು. ಅದನ್ನು ಕಂಡರೆ ಅವನಿಗೆ ಪ್ರಾಣ. ಜಗತ್ತಿನಲ್ಲಿ ಅವನು ಅನುಮಾನಪಡದ ಜೀವ ಅದೊಂದೇ.

"ಪಕ್ಕದ ಹಟ್ಟಿಯ ಬೇಟೆನಾಯಿಗಳನ್ನು ಕರೆಸೋಣ, ಅವಕ್ಕೆ ನರಿಯ ಜಾಡು ಗೊತ್ತು," ಎಂದ ಬೋಳಜ್ಜ.

"ಕರೆಸಿದರೆ ಹದಿನೈದು ದಿನ ನಮ್ಮ ರೊಟ್ಟಿ ಅವಕ್ಕೆ ಹಾಕಬೇಕು," ಎಂದ ಜೂಲ. "ಅದೂ ಅಲ್ಲದೆ, ನಮ್ಮ ರೊಪ್ಪದ ಬೇಲಿ ಎಲ್ಲಿ ಸಡಿಲ ಇದೆ ಅಂತ ನೋಡ್ಕೊಂಡು ಹೋಗೋಕೇ ಬರ್ತಾವೆ. ಬೇಡ. ನಾವೇ ಹೋಗಿ ಹಿಡಿಯೋಣ. ನಮ್ಮ ಕಾಲು, ನಮ್ಮ ಹಲ್ಲು, ನಮ್ಮ ಬುತ್ತಿ. ಪುಕ್ಕಟೆ ಆಗುತ್ತೆ."

ನರಿ ಇರುವುದೆಲ್ಲಿ? ಅದನ್ನು ಹೇಳಿದ್ದು ಬೇಲಿಯ ಮೇಲೆ ಕೂರುವ ಕಾಗಕ್ಕ. "ಹಳ್ಳ ದಾಟಿದರೆ ಬೋಳುಗುಡ್ಡ. ಅಲ್ಲೊಂದು ಗವಿ. ಬೆಳಿಗ್ಗೆ ಹೊರಟರೆ ಸಂಜೆಗೆ ವಾಪಸ್ಸು."

ತಯಾರಿ ಶುರುವಾಯಿತು. ನಾಲ್ಕು ದಿನ ಮೂವರೂ ಅರ್ಧ ರೊಟ್ಟಿ ತಿಂದು ಅರ್ಧ ರೊಟ್ಟಿಯನ್ನು ಕಲ್ಲಿನಡಿ ಬಚ್ಚಿಟ್ಟರು. ರೊಟ್ಟಿ ಕಡಿಮೆಯಾಗಿದೆಯೋ ಎಂದು ಜೂಲ ಗಳಿಗೆಗೊಮ್ಮೆ ಹೋಗಿ ಇಣುಕುತ್ತಿದ್ದ. ಕರ್ಕಿ ಕುರಿಮರಿಯಂತೆ ಅರಚುವುದನ್ನು ಕಲಿತಳು. ಗವಿಯ ಮುಂದೆ ಅವಳು "ಬ್ಯಾ" ಎಂದರೆ ನರಿ ಹೊರಗೆ ಬರಬೇಕು, ಮರೆಯಲ್ಲಿದ್ದ ಜೂಲ ಹಾರಿ ಹಿಡಿಯಬೇಕು.

"ನಾನು ಇಲ್ಲೇ ಮರಿಗಳನ್ನು ಕಾಯ್ತೀನಿ," ಎಂದ ಬೋಳಜ್ಜ. "ಹಲ್ಲಿಲ್ಲ ನಿಜ, ಗಂಟಲಿದೆ. ನಾನು ಬೊಗಳಿದರೆ ಸಣ್ಣೀರಪ್ಪನಿಗೆ ಕೇಳಿಸುತ್ತೆ."

ಸರಿಯಾದ ಮಾತು. ಆದರೆ ಅಂದು ಕಾಗಕ್ಕ ಜೂಲನ ಕಿವಿಯ ಹತ್ತಿರ ಬಂದು ಕೂತಳು.

"ಜೂಲಣ್ಣ, ಎರಡು ಸಲ ಮರಿ ಹೋದಾಗಲೂ ಬಾಗಿಲಲ್ಲಿ ಇದ್ದವರು ಯಾರು?"

"ಅಜ್ಜ," ಎಂದ ಜೂಲ. ಅವನ ಕಿವಿ ನಿಮಿರಿತು.

"ನಾನೇನೂ ಹೇಳಲ್ಲಪ್ಪ. ಬೇಲಿಯೇ ಎದ್ದು ಹೊಲ ಮೇದರೆ ಕಾಯೋರು ಯಾರು ಅಂತ, ಅಷ್ಟೇ."

"ನನಗೂ ಹಾಗೇ ಅನ್ನಿಸಿತ್ತು!"

"ಅನ್ನಿಸದೆ ಇರುತ್ತಾ? ನಿನ್ನ ಕಣ್ಣಿಗೆ ಮಣ್ಣೆರಚೋದು ಅಷ್ಟು ಸುಲಭವೇ?"

ಹೊಗಳಿಕೆಗೆ ಜೂಲನ ಎದೆ ಉಬ್ಬಿತು. ನರಿ ಮರಿಗಳನ್ನು ತಿಂದು ಉಳಿಸಿದ ಎಲುಬುಗಳನ್ನು ಕುಕ್ಕಿ ತಿನ್ನುತ್ತಿದ್ದವರು ಯಾರು ಎಂದು ಅವನು ಕೇಳಲೇ ಇಲ್ಲ. ನೀವಾದರೂ ಕೇಳುತ್ತಿದ್ದಿರಿ, ಅಲ್ಲವೇ?

ಮಾರನೆಯ ಬೆಳಿಗ್ಗೆ ಸಣ್ಣೀರಪ್ಪ ಅತ್ತ ಹೋದದ್ದೇ ಜೂಲ ಅಪ್ಪಣೆ ಮಾಡಿದ: "ಅಜ್ಜನೂ ನಮ್ಮ ಜೊತೆ ಬರಲಿ. ನನ್ನ ಕಣ್ಣೆದುರೇ ಇರಲಿ."

"ಮರಿಗಳ ಹತ್ತಿರ ಯಾರಿರ್ತಾರೆ?" ಎಂದಳು ಕರ್ಕಿ.

"ನರಿಯೇ ನಮ್ಮ ಕೈಗೆ ಸಿಗುವಾಗ ಮರಿಗಳಿಗೆ ಭಯ ಯಾರದು?"

ಬಿಳಿಮೂತಿಯ ಮರಿ ಬೇಲಿಯವರೆಗೂ ಹಿಂದೆ ಹಿಂದೆಯೇ ಬಂತು. "ಸಂಜೆಗೆ ಬರ್ತೀನಿ, ಹೋಗು," ಎಂದು ಜೂಲ ಅದರ ಮೂತಿ ನೆಕ್ಕಿದ.

ದಾರಿಯುದ್ದಕ್ಕೂ ಬೋಳಜ್ಜ ಮುಂದೆ, ಜೂಲ ಅವನ ಬೆನ್ನ ಹಿಂದೆ. ಅಜ್ಜ ಕುಂಟಿದರೆ, "ಬೇಕೆಂತಲೇ ತಡ ಮಾಡ್ತಿದಾನೆ." ಅಜ್ಜ ನೀರು ಕುಡಿಯಲು ನಿಂತರೆ, "ಯಾರಿಗೋ ಕಾಯ್ತಿದಾನೆ." ಪಾಪ, ಅಜ್ಜ ಎಲ್ಲ ಕೇಳಿಸಿಕೊಂಡೂ ಕುಂಟುತ್ತಲೇ ನಡೆದ.

ಹಳ್ಳದ ದಡದ ಕಲ್ಲುನೆಲದಿಂದ ಒಂದು ಟಿಟ್ಟಿಭ ಹಕ್ಕಿ ಚೀರುತ್ತ ಮೇಲೆದ್ದಿತು. "ಅತ್ತ ಯಾಕೆ ಹೋಗ್ತೀರಣ್ಣ? ಬೋಳುಗುಡ್ಡದಲ್ಲಿ ನರಿ ಇಲ್ಲ! ನಿನ್ನೆ ಸಂಜೆ ನಿಮ್ಮ ರೊಪ್ಪದ ಹಿಂದಿನ ಕತ್ತಾಳೆ ಮರೆಯಲ್ಲೇ ಕೂತಿತ್ತು. ತಿರುಗಿ ಹೋಗಿ!"

ಕರ್ಕಿ ನಿಂತಳು. ಜೂಲ ನಕ್ಕ. "ಇಲ್ಲೆಲ್ಲೋ ಮೊಟ್ಟೆ ಇಟ್ಟಿದೆ. ನಮ್ಮನ್ನು ಓಡಿಸೋಕೆ ಕತೆ ಕಟ್ಟುತ್ತಿದೆ. ಇಂಥ ಆಟ ನಾನೆಷ್ಟು ನೋಡಿಲ್ಲ! ನಡೀರಿ."

ಮಕ್ಕಳೇ, ಹಕ್ಕಿ ಮೊಟ್ಟೆ ಇಟ್ಟಿದ್ದೂ ನಿಜ, ಹೇಳಿದ ಮಾತೂ ನಿಜ.

ಮಧ್ಯಾಹ್ನಕ್ಕೆ ಗುಡ್ಡ ತಲುಪಿದರು. ಜೂಲ ಬಂಡೆಯ ಮರೆಗೆ ಸರಿದ. ಕರ್ಕಿ "ಬ್ಯಾ" ಎಂದಳು. ಮತ್ತೆ "ಬ್ಯಾ" ಎಂದಳು. ಗಂಟಲು ಕಟ್ಟುವವರೆಗೂ ಅರಚಿದಳು. ಇಲಿಯೂ ಹೊರಗೆ ಬರಲಿಲ್ಲ.

ಬೋಳಜ್ಜ ಗವಿಯ ಬಾಯಿ ಮೂಸಿದ. "ಬಾಗಿಲಿಗೆ ಜೇಡರ ಬಲೆ ಕಟ್ಟಿದೆ. ಹೊಸ ಹಿಕ್ಕೆ ಇಲ್ಲ, ಹೆಜ್ಜೆ ಇಲ್ಲ. ಇಲ್ಲಿ ನರಿ ಇದ್ದು ತಿಂಗಳುಗಳೇ ಆದವು."

ಜೂಲ ಹಲ್ಲು ಕಿರಿದ. "ನೀನೇ ಮೊದಲೇ ಸುದ್ದಿ ಮುಟ್ಟಿಸಿ ಓಡಿಸಿದ್ದೀಯ!"

ಅಜ್ಜ ಮೊದಲ ಸಲ ಸಿಟ್ಟಾದ. "ಯಾವಾಗ ಮುಟ್ಟಿಸಲಿ? ಬೆಳಗಿನಿಂದ ನನ್ನ ಬಾಲ ಕಾಯ್ತಾ ಬಂದಿದೀಯ. ನನ್ನನ್ನು ಕಾಯೋಕೆ ನೀನಿದ್ದೆ ಜೂಲ. ಈಗ ಹೇಳು, ಮರಿಗಳನ್ನು ಕಾಯೋಕೆ ಯಾರಿದಾರೆ?"

ಜೂಲನಿಗೆ ಈಗ ಹೊಳೆಯಿತು. ಗವಿ ತೋರಿಸಿದ್ದು ಕಾಗೆ. ಅಜ್ಜನ ಮೇಲೆ ಅನುಮಾನದ ಕಿಡಿ ಹಚ್ಚಿದ್ದೂ ಕಾಗೆ. ರೊಪ್ಪಕ್ಕೆ ಕಾವಲಿಲ್ಲ ಎಂದು ಗೊತ್ತಿದ್ದದ್ದೂ ಕಾಗೆಗೇ. ಬುತ್ತಿಯನ್ನು ಅಲ್ಲೇ ಬಿಟ್ಟು ಅವನು ಓಡಿದ. ಮುಳ್ಳು ಚುಚ್ಚಿದರೂ ನಿಲ್ಲಲಿಲ್ಲ, ಹಳ್ಳದಲ್ಲಿ ಬಿದ್ದರೂ ನಿಲ್ಲಲಿಲ್ಲ.

ರೊಪ್ಪಕ್ಕೆ ಬಂದಾಗ ಇನ್ನೂ ಬಿಸಿಲಿತ್ತು. ಹಿಂಬದಿಯ ಬೇಲಿಯಲ್ಲಿ ಒಂದು ಕಂಡಿ ಬಿದ್ದಿತ್ತು. ಮರಿಗಳೆಲ್ಲ ಒಂದು ಮೂಲೆಯಲ್ಲಿ ನಡುಗುತ್ತ ನಿಂತಿದ್ದವು. ಜೂಲ ಒಂದೊಂದರ ಮುಖವನ್ನೂ ನೋಡಿದ. ಬಿಳಿಮೂತಿ ಇರಲಿಲ್ಲ. ಅತ್ತ ಕತ್ತಾಳೆಯ ಆಚೆ ಕಾಗಕ್ಕ ನೆಲಕ್ಕೆ ಕೊಕ್ಕು ಒರೆಸಿಕೊಳ್ಳುತ್ತಿದ್ದಳು.

ಸಂಜೆ ಸಣ್ಣೀರಪ್ಪ ಬಂದು ಮರಿಗಳನ್ನು ನೋಡಿದ, ನಾಯಿಗಳ ಕಾಲಿನ ಕೆಸರನ್ನೂ ನೋಡಿದ. ಹೊಸ ನಾಯಿ ತರುತ್ತೇನೆಂದು ಪಕ್ಕದ ಹಟ್ಟಿಯ ದಾರಿ ಹಿಡಿದ.

ಮೇದು ಬಂದ ಕುರಿಗಳು ತಮ್ಮ ತಮ್ಮ ಮರಿಗಳನ್ನು ಹುಡುಕಿಕೊಂಡವು. ಒಂದು ತಾಯಿಕುರಿ ಮಾತ್ರ ಮೂಲೆ ಮೂಲೆ ಸುತ್ತಿ ಕೊನೆಗೆ ಜೂಲನ ಬಳಿ ಬಂದು, ಅವನ ಹೊಟ್ಟೆಯ ಹತ್ತಿರ ಮೂಸಿ ನೋಡಿತು.

"ಜೂಲಣ್ಣ, ನನ್ನ ಮಗು ದಿನಾ ನಿನ್ನ ಹತ್ತಿರಾನೇ ಮಲಗುತ್ತೆ. ಇವತ್ತು ಎಲ್ಲಿ ಮಲಗಿಸಿದೀಯಣ್ಣ?"

ತಾಯಿಕುರಿಯ ದನಿಯಲ್ಲಿ ಅನುಮಾನದ ಸುಳಿವೂ ಇರಲಿಲ್ಲ.

ನೀತಿ: ಎಲ್ಲರನ್ನೂ ಅನುಮಾನಿಸುವವನು ನಂಬುವುದು ತನ್ನ ಅನುಮಾನಕ್ಕೆ ತುಪ್ಪ ಸುರಿಯುವವನನ್ನೇ, ಮನೆ ಹಾಳಾಗುವುದೂ ಅವನಿಂದಲೇ.