ವೈದ್ಯ ಜಾಗ ಕೊಡದ ಕಂಚುಗಾರ

“ಗುರುಗಳೇ, ಮಠಕ್ಕೆ ಬಂದ ಮೇಲೆ ನನಗೆ ಒಮ್ಮೆಯೂ ಸಿಟ್ಟು ಬಂದಿಲ್ಲ. ಸಿಟ್ಟನ್ನು ಗೆದ್ದೆ ಎಂದುಕೊಳ್ಳಬಹುದೇ?” ಎಂದು ಮರುಳಯ್ಯನೆಂಬ ಶಿಷ್ಯ ಕೇಳಿದ. ಅಣ್ಣನೊಡನೆ ಜಗಳವಾಡಿ ಮನೆ ಬಿಟ್ಟು ಬಂದವನು ಅವನು.

ಪಾಪ, ಇಲ್ಲಿ ನಿನ್ನ ಸಿಟ್ಟಿಗೆ ಕೆಲಸವೇ ಇಲ್ಲವಲ್ಲ ಎಂದು ನಕ್ಕು ಗುರುಗಳು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕಂಚುಗಾರನಿದ್ದ. ಕೆಲಸದಲ್ಲಿ ಗಟ್ಟಿಗ, ಕುಡಿತದಲ್ಲಿ ಇನ್ನೂ ಗಟ್ಟಿಗ. ಅವನು ಕುಡಿದು ಬಂದರೆ ಮಗಳು ಹೆದರಿ ಅಡುಗೆಮನೆಯ ಮೂಲೆ ಸೇರುತ್ತಿದ್ದಳು. ಅದೊಂದು ಅವನ ಎದೆಗೆ ನಾಟಿತು. ಪಕ್ಕದೂರಿನ ವೈದ್ಯನ ಮನೆಗೆ ಹೋಗಿ, ಅಲ್ಲೇ ಉಳಿದು ಮದ್ದು ತೆಗೆದುಕೊಂಡ. ಕೈನಡುಕ ನಿಂತಿತು, ಮುಖಕ್ಕೆ ಕಳೆ ಬಂತು. ಮನೆಗೆ ಮರಳಿದ ದಿನವೇ ಸಂಜೆ ಕುಡಿದ. ಮತ್ತೆ ಹೋದ, ಮತ್ತೆ ಹಾಗೇ ಆಯಿತು.

ಮೂರನೆಯ ಸಲ ವೈದ್ಯ ಜಾಗ ಕೊಡಲಿಲ್ಲ. ದಿನಾ ಬೆಳಿಗ್ಗೆ ಬಂದು ಮದ್ದು ಕುಡಿದು ಮನೆಗೆ ಹೋಗು ಎಂದ. ಕಂಚುಗಾರ ಗೋಗರೆದ.

“ನಿಮ್ಮ ಜಗಲಿಯಲ್ಲೇ ಬಿದ್ದಿರುತ್ತೇನೆ, ವೈದ್ಯರೇ. ಇಲ್ಲಿ ನನಗೆ ಕುಡಿಯಬೇಕು ಅಂತಲೇ ಅನ್ನಿಸುವುದಿಲ್ಲ.”

“ಅನ್ನಿಸದ ಕಡೆ ಮದ್ದು ಕೊಟ್ಟು ಏನು ಮಾಡಲಿ? ಅನ್ನಿಸುವ ಕಡೆಯಿಂದ ಬಾ.”

ಬೇರೆ ದಾರಿ ಕಾಣದೆ ಅವನು ಒಪ್ಪಿದ. ಹೆಂಡದಂಗಡಿಯನ್ನು ದಾಟಿ ಬರುವುದು ಹೇಗೋ ಸಾಧ್ಯವಾಯಿತು. ಕಷ್ಟವಾದದ್ದು ಹೆಂಡತಿಯ ಅನುಮಾನ. ಅವನು ಊಟಕ್ಕೆ ಕೂತರೆ ಅವಳು ನೀರಿಡುವ ನೆಪದಲ್ಲಿ ಬಗ್ಗಿ ಬಾಯಿಯ ವಾಸನೆ ನೋಡುತ್ತಿದ್ದಳು. ಕುಡಿಯದೆ ಬಂದರೂ ದಿನಾ ನೋಡುತ್ತಿದ್ದಳು. ಒಂದು ಸಂಜೆ ಅವನಿಗೆ ರೇಗಿತು. ಊಟ ಅರ್ಧಕ್ಕೆ ಬಿಟ್ಟು ಎದ್ದವನು ನೇರ ಹೆಂಡದಂಗಡಿಗೆ ಹೋದ.

ಮರುದಿನ ತಲೆ ತಗ್ಗಿಸಿಕೊಂಡು ಬಂದವನನ್ನು ವೈದ್ಯ ಬೈಯಲಿಲ್ಲ. ಊಟ ಬಿಟ್ಟು ಏಳುವ ಮೊದಲು ಏನಾಯಿತೆಂದು ಕೇಳಿ ತಿಳಿದುಕೊಂಡ. ಇವತ್ತು ಅವಳು ಬಗ್ಗಿದಾಗ ಏಳಬೇಡ, ಅಷ್ಟು ಮಾಡು ಎಂದು ಹೇಳಿ ಎಂದಿನಂತೆ ಮದ್ದು ಕೊಟ್ಟ.

ಅಂದು ಸಂಜೆಯೂ ಅವಳು ಬಗ್ಗಿದಳು. ಅವನ ಮೈಯೆಲ್ಲ ಉರಿಯಿತು. ಆದರೂ ಏಳಲಿಲ್ಲ, ತುತ್ತು ನುಂಗಿದ. ಮರುದಿನವೂ ಬಗ್ಗಿದಳು. ಅವಳದೇನು ತಪ್ಪು? ಅಷ್ಟು ವರ್ಷ ಬೆಂದವಳು ಅವಳು. ಹೀಗೆ ಎಷ್ಟೋ ಸಂಜೆಗಳು ಕಳೆದವು. ಒಂದು ದಿನ ಅವಳು ನೀರಿಟ್ಟು, ಅವನ ಮುಖದ ಹತ್ತಿರ ಬಗ್ಗದೆ, ಸುಮ್ಮನೆ ಒಳಗೆ ಹೋದಳು. ಮಗಳು ತನ್ನ ತಟ್ಟೆ ತಂದು ಅಪ್ಪನ ಪಕ್ಕದಲ್ಲಿ ಕೂತಳು. ಕಂಚುಗಾರ ಅನ್ನ ಕಲಸುತ್ತಲೇ ಅತ್ತುಬಿಟ್ಟ.

ಕತೆ ಮುಗಿಯಿತು. ಹಾಗಾದರೆ ತಾನು ಗೆದ್ದದ್ದು ಗೆಲುವಲ್ಲವೇ ಎಂದು ಮರುಳಯ್ಯ ಮೆಲ್ಲಗೆ ಕೇಳಿದ.

ಗುರುಗಳು ಹೇಳಿದರು: “ಊಟದ ಹೊತ್ತಿಗೆ ನಿನ್ನ ಅಣ್ಣನ ಮನೆ ಸೇರಬೇಕಾದರೆ ಈಗಲೇ ಹೊರಡು.”