ಕಡಲ ಮೇಲೆ ತೇಲುವ ಸಿಹಿನೀರು

ಕುಂದಾಪುರದ ಕಡೆ, ಹೊಳೆ ಕಡಲನ್ನು ಸೇರುವಲ್ಲಿ, ಮರಳ ದಿಬ್ಬದ ಮೇಲೊಂದು ಮೀನುಗಾರರ ಕೇರಿ. ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಕಡಲ ನೀರು ನುಗ್ಗಿ ಉಪ್ಪಾದ ಹೊಳೆ. ಅಲ್ಲಿಯ ಭಜನಾ ಮಂದಿರದ ಜಗಲಿಯೇ ಪೂಜ್ಯ ಚಂದಮ್ಮನವರ ಆಶ್ರಮ. ಕಾವಿಯಿಲ್ಲ, ಪೀಠವಿಲ್ಲ, ಕೇರಿಯವರ ಹರಿದ ಬಲೆ ಹೆಣೆದುಕೊಡುತ್ತ, ನಾಮಸ್ಮರಣೆ ಮಾಡುತ್ತ ಆ ಮಹಾತಾಯಿ ದಿನ ಕಳೆಯುತ್ತಿದ್ದರು.

ಬಚ್ಚಯ್ಯನಿಗೆ ಮಾತ್ರ ಅವರೆಂದರೆ ಅಷ್ಟಕ್ಕಷ್ಟೆ. ಮೂವತ್ತು ವರ್ಷ ಬಾವಿ ತೋಡಿದ ಆಸಾಮಿ. ನೀರಿನ ವಿಷಯಕ್ಕೆ ದೇವರೂ ತನ್ನನ್ನೇ ಕೇಳಬೇಕೆಂಬ ಜಂಬ ಅವನದು. ಕೇರಿಗಿದ್ದುದು ಎದೆಯಾಳದ ಒಂದೇ ಬಾವಿ. ಆ ಬೇಸಿಗೆಯಲ್ಲಿ ನೀರು ಒಸರುವುದು ನಿಧಾನವಾಯಿತೆಂದು, ಇನ್ನೂ ಒಂದಾಳು ಆಳ ಮಾಡಲು ಹಾರೆ ಹಿಡಿದು ಇಳಿದ.

“ಸಾಕ್ ಮಗಾ, ಹಿರಿಯರ್ ನಿಲ್ಸಿದಲ್ಲೇ ನಿಲ್ಸ್,” ಎಂದರು ಚಂದಮ್ಮನವರು.

“ಬಾವಿ ಕತಿ ನಂಗ್ ಬಿಡಿ ಅಮ್ಮ, ನೀವ್ ಭಜನಿ ಕಾಣಿ,” ಎಂದು ನಕ್ಕುಬಿಟ್ಟ.

ನೀರೇನೋ ಬುಗಬುಗನೆ ಉಕ್ಕಿತು. ಹೆಂಗಸರು ಹರಸಿದರು. ಮೂರನೆಯ ದಿನ ಕೇರಿಯ ಗಂಜಿಯೆಲ್ಲ ಉಪ್ಪಾಯಿತು! ಬಾವಿಗೆ ಕಡಲೇ ಬಂದು ಕೂತಿತ್ತು. ಯಾರೂ ಬಚ್ಚಯ್ಯನನ್ನು ಬೈಯಲಿಲ್ಲ. ತಮ್ಮ ಖಾಲಿ ಕೊಡಗಳನ್ನು ತಂದು ಅವನ ಅಂಗಳದಲ್ಲಿ ಸಾಲಾಗಿ ಇಟ್ಟುಹೋದರು, ಅಷ್ಟೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ಒಳಗೆ ಆರು ದಿನದ ಬಾಣಂತಿ ಮಗಳು ಸೀತು ನೀರು ಕೇಳುತ್ತಿದ್ದಳು. ಆಚೆ ದಡದಿಂದ ದೋಣಿಯಲ್ಲಿ ತರಿಸಿದ ನೀರು ಬೆಳಿಗ್ಗೆಯೇ ಮುಗಿದಿತ್ತು.

ಮಟಮಟ ಮಧ್ಯಾಹ್ನ ಅವನು ಜಗಲಿಗೆ ಬಂದ. ಬಂದದ್ದು ಸೋತು, ಆಡಿದ್ದು ಸಿಟ್ಟಿನ ಮಾತು. “ನಿಮ್ ದೇವ್ರಿಗೆ ಶಕ್ತಿ ಇದ್ರೆ ಬಾವಿ ನೀರ್ ಸೀ ಮಾಡ್ಲಿ ಕಾಂಬ!”

ಚಂದಮ್ಮನವರು ಬಲೆಯನ್ನು ಮಡಿಸಿಟ್ಟರು. ಒಂದು ಕರಟ ಹಿಡಿದು ಎದ್ದರು. ಬಾವಿಯನ್ನು ದಾಟಿ, ದಿಬ್ಬದ ನಡುವೆ ಕಡಲಿಗೂ ಹೊಳೆಗೂ ಸಮದೂರವಾದ ತಗ್ಗಿನಲ್ಲಿ ಕುಳಿತು ಮರಳು ಕೆದಕತೊಡಗಿದರು. ಮೊಣಕೈ ಮುಳುಗುವಷ್ಟು ಕುಳಿಯಾದೊಡನೆ ಕೈ ನಿಲ್ಲಿಸಿದರು. ಕಾದರು. ತಳ ತೇವವಾಯಿತು, ಮಿನುಗಿತು, ಮೆಲ್ಲನೆ ಅರ್ಧ ಕರಟದಷ್ಟು ನೀರು ಕೂಡಿತು.

“ಕುಡಿ,” ಎಂದರು.

ಎರಡೂ ಕಡೆ ಉಪ್ಪು, ಇದು ಹೇಗೆ ಬೇರೆಯಾದೀತು ಎಂದುಕೊಂಡೇ ಬಾಯಿಗಿಟ್ಟ. ಸಿಹಿ! ಎಳನೀರಿನಂಥ ಸಿಹಿ. ಹೋದ ಜೀವ ಬಂದಂತಾಗಿ ಬಚ್ಚಯ್ಯ ಮರಳಿನ ಮೇಲೆ ಕುಸಿದು ಕುಳಿತು ಅತ್ತುಬಿಟ್ಟ.

“ಉಪ್ಪ್ ನೀರ್ ಭಾರ, ಮಳಿ ನೀರ್ ಹಗೂರ,” ಎಂದರು ತಾಯಿ. “ಈ ಹೊಯ್ಗಿ ಅಡಿಗ್ ಮಳಿ ನೀರ್ ಉಪ್ಪ್ ನೀರಿನ್ ಮೇಲ್ ತೇಲ್ಕಂಡ್ ಇತ್ತ್. ನೀ ತಳಕ್ಕೇ ಕೈ ಹಾಕ್ದೆ. ತೆಗ್ದ್ ಹೊಯ್ಗಿ ತಿರ್ಗ್ ತುಂಬ್ಸ್.”

ಮೊದಲು ತುಂಬಿದ ಕರಟದ ನೀರು ಸೀತುವಿಗೆ ಹೋಯಿತು. ಸಂಜೆಯೊಳಗೆ ಆ ತಗ್ಗಿನ ತುಂಬ ಮೊಣಕೈಯಾಳದ ಕುಳಿಗಳಾದವು. ಹೆಂಗಸರು ಕರಟದಿಂದ ಮೊಗೆದು ಮೊಗೆದು ಕೊಡ ತುಂಬಿಸಿಕೊಂಡರು. ಬಚ್ಚಯ್ಯ ನಾಲ್ಕು ದಿನ ಒಬ್ಬನೇ ಮರಳು ಹೊತ್ತು, ತಾನು ತೋಡಿದ ಆಳವನ್ನು ತಾನೇ ಮುಚ್ಚಿದ. ಸಹಾಯಕ್ಕೆ ಬಂದವರನ್ನು ಬೇಡವೆಂದ.

ಮಳೆಗಾಲ ಕಳೆಯಿತು. ಬಾವಿಗಿಳಿದು, ನೀರನ್ನು ಹೆದರುತ್ತ ನಾಲಿಗೆಗೆ ಹಚ್ಚಿ ನೋಡಿದ ಬಚ್ಚಯ್ಯ ಒದ್ದೆ ಮೈಯಲ್ಲೇ ಜಗಲಿಗೆ ಓಡಿಬಂದು ಅಡ್ಡಬಿದ್ದ. “ಸೀ ಆಯ್ತ್ ಅಮ್ಮ! ತೋಡುದ್ ಕಲ್ತಿದ್ದೆ, ನಿಲ್ಸುದ್ ಕಲ್ತಿರ್ಲಿಲ್ಲ.”

ಚಂದಮ್ಮನವರು ನಕ್ಕು ಅವನ ತಲೆ ಸವರಿದರಂತೆ.

ಅಂದಿನಿಂದ ಕರಾವಳಿಯ ಯಾವ ಊರು ಬಾವಿ ತೋಡಲು ಕರೆದರೂ ಬಚ್ಚಯ್ಯ ಹಾರೆಯನ್ನು ನೆಲಕ್ಕೆ ಮುಟ್ಟಿಸುವ ಮೊದಲು ಆ ಊರಿನ ಎಲ್ಲರಿಗಿಂತ ಹಿರಿಯ ಮುದುಕಿಯನ್ನು ಹುಡುಕಿಕೊಂಡು ಹೋಗುತ್ತಿದ್ದ. ಅವಳ ಮುಂದೆ ಕುಕ್ಕರಗಾಲಲ್ಲಿ ಕುಳಿತು, “ಎಲ್ಲಿಗ್ ನಿಲ್ಸ್ಕ್ ಅಮ್ಮ?” ಎಂದು ಕೇಳುತ್ತಿದ್ದ.