ಸೂಜವ್ವನ ತಟ್ಟೆಮರ

ಒಂದು ಕಾಡಿನಲ್ಲಿ ಒಂದು ದೊಡ್ಡ ಅನ್ಯಾಯ ನಡೆಯಿತು. ನೆನೆಸಿಕೊಂಡರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಆದರೂ ಹೇಳಲೇಬೇಕು. ಕೇಳಿ ಮಕ್ಕಳೇ.

ಆ ಕಾಡಿನಲ್ಲಿ ಸೂಜವ್ವ ಅಂತ ಒಂದು ಮುಳ್ಳುಹಂದಿ ಇದ್ದಳು. ಮುಳ್ಳುಹಂದಿಗಳಿಗೆ ಬೇರು, ತೊಗಟೆ ಅಂದರೆ ಪ್ರಾಣ. ಎಳೆ ಗಿಡ ಕಂಡರೆ ಬುಡ ಕೊರೆಯದೆ ಬಿಡುವವರಲ್ಲ. ಸೂಜವ್ವ ಮಾತ್ರ ಬೇರೆ ಥರ. ಅವಳಿಗೆ ಗಿಡ ಸಾಕುವ ಹುಚ್ಚು.

ಕಾಡಂಚಿನಲ್ಲಿ ಮೊಲದಣ್ಣ ಒಂದು ನರ್ಸರಿ ಇಟ್ಟಿದ್ದ. ಒಂದು ದಿನ ಸೂಜವ್ವ ಅಲ್ಲಿಗೆ ಹೋದಳು. ದಾಸವಾಳ, ಮಲ್ಲಿಗೆ ಎಲ್ಲ ಮುಂದಿನ ಸಾಲಿನಲ್ಲಿದ್ದವು. ಹಿಂದಿನ ಮೂಲೆಯಲ್ಲಿ ಒಂದು ಹರಕು ಪ್ಲಾಸ್ಟಿಕ್ ಚೀಲ. ಅದರೊಳಗೆ ಬಾಚದ ತಲೆಯ ಹಾಗೆ ಕೆದರಿಕೊಂಡು ನಿಂತ ಒಂದು ಗಿಡ.

"ಅದನ್ನ ಯಾರೂ ಕೇಳಲ್ಲ ಸೂಜವ್ವಾ. ಜುನಿಪರ್ ಅಂತಾರೆ. ಹೂವಿಲ್ಲ, ತಿನ್ನೋಕೆ ಹಣ್ಣಿಲ್ಲ. ಮುಟ್ಟಿದ್ರೆ ಚುಚ್ಚುತ್ತೆ" ಎಂದ ಮೊಲದಣ್ಣ.

"ನನ್ನನ್ನೂ ಹಾಗೇ ಅಂತಾರೆ ಕಣಣ್ಣಾ. ಕೊಡು ಇತ್ಲಾಗೆ" ಎಂದಳು ಸೂಜವ್ವ. ಸಸಿಗಳಿಗೆ ಆಸರೆ ಕೊಡಲು ಕಡ್ಡಿ ಬೇಕಲ್ಲ, ಗಿಡದ ಬೆಲೆಯಾಗಿ ತನ್ನ ಮೈಯಿಂದ ಉದುರಿದ ಮುಳ್ಳುಗಳ ಒಂದು ಕಟ್ಟನ್ನು ಮೊಲದಣ್ಣನಿಗೆ ಕೊಟ್ಟಳು. ಚೀಲವನ್ನು ಮೂತಿಯಿಂದ ತಳ್ಳಿಕೊಂಡೇ ಮನೆ ಸೇರಿದಳು.

ಮೊದಲನೇ ವರ್ಷ ಅವಳು ಒಂದು ಎಲೆಯನ್ನೂ ಕತ್ತರಿಸಲಿಲ್ಲ. ಒಂದು ಮುಳ್ಳು ತಗೊಂಡು ಬುಡದ ಮಣ್ಣು ಕೆದಕಿ, ಬೇರು ಎಲ್ಲಿಂದ ಹರಡಿದೆ ಅಂತ ನೋಡಿದಳು. ಗಿಡವನ್ನು ದಿನಾ ಒಂದಿಷ್ಟು ತಿರುಗಿಸಿ ನೋಡಿದಳು. ಅಷ್ಟೇ.

ಎರಡನೇ ವರ್ಷ ಬೇಡದ ಕೊಂಬೆಗಳನ್ನು ತೆಗೆದಳು. ಈ ಗಿಡಕ್ಕೆ ಒಂದು ಹಠ ಇದೆ ಮಕ್ಕಳೇ. ದಾಸವಾಳವನ್ನು ಎಲ್ಲಿ ಕತ್ತರಿಸಿದರೂ ಚಿಗುರುತ್ತದೆ. ಜುನಿಪರ್ ಹಾಗಲ್ಲ. ಕೊಂಬೆಯ ಮೇಲಿನ ಹಸಿರನ್ನೆಲ್ಲ ಬೋಳಿಸಿದರೆ ಆ ಕೊಂಬೆ ಮತ್ತೆ ಚಿಗುರುವುದಿಲ್ಲ. ಅದಕ್ಕೇ ಸೂಜವ್ವ ಉಳಿಸಿಕೊಂಡ ಪ್ರತಿ ಕೊಂಬೆಯಲ್ಲೂ ಒಂದಿಷ್ಟು ಹಸಿರು ಬಿಟ್ಟಳು.

ಮೂರನೇ ವರ್ಷ ಮೇಲಿನದನ್ನು ಮುಟ್ಟಲಿಲ್ಲ. ಬೇರಿನಲ್ಲಿ ಮೂರನೇ ಒಂದು ಪಾಲನ್ನು ಹಲ್ಲಿನಿಂದ ಕತ್ತರಿಸಿ, ಗಿಡವನ್ನು ಅಗಲವಾದ ಮಣ್ಣಿನ ತಟ್ಟೆಯಲ್ಲಿ ಕೂರಿಸಿದಳು. ಬಾಯಿಗೆ ಬಂದ ಘಮಘಮ ಬೇರನ್ನು ನುಂಗದೆ ಉಗುಳಿದಳು. ಮುಳ್ಳುಹಂದಿಗೆ ಅದೆಷ್ಟು ಕಷ್ಟ ಅಂತೀರಿ! ಕಣ್ಣಲ್ಲಿ ನೀರೇ ಬಂತಂತೆ.

ನಾಲ್ಕನೇ ವರ್ಷ ಗಿಡಕ್ಕೆ ಪೂರ್ತಿ ವಿಶ್ರಾಂತಿ. ಐದನೇ ವರ್ಷ ಕೊಂಬೆಗಳಿಗೆ ತಾಮ್ರದ ತಂತಿ ಸುತ್ತಿ ಮೆಲ್ಲಗೆ ಬಗ್ಗಿಸಿದಳು. ಕೊಂಬೆ ದಪ್ಪವಾಗಿ ತಂತಿ ತೊಗಟೆಯೊಳಗೆ ಹೂತುಕೊಳ್ಳುವ ಮೊದಲೇ ಬಿಚ್ಚಿದಳು. ಆಮೇಲಿನ ಎರಡು ವರ್ಷ ಚಿಗುರಿನ ತುದಿ ಚಿವುಟುವುದು, ನೀರು ಹನಿಸುವುದು, ಕಾಯುವುದು.

"ಒಂದು ವರ್ಷಕ್ಕೆ ಒಂದೇ ನೋವು. ಅದನ್ನ ತಡ್ಕೊಂಡ ಮೇಲೇ ಇನ್ನೊಂದು" ಎಂಬುದು ಅವಳ ಲೆಕ್ಕ.

ಏಳು ವರ್ಷಕ್ಕೆ ಆ ಗಿಡ ಹೇಗಾಯಿತು ಗೊತ್ತೇ? ಎತ್ತರ ಒಂದು ಮೊಳ. ನೋಡಿದರೆ ಗಾಳಿಗೆ ಮೈಯೊಡ್ಡಿ ಬೆಟ್ಟದ ತುದಿಯಲ್ಲಿ ನಿಂತ ನೂರು ವರ್ಷದ ಮರ. ನಾವು ಇದನ್ನು ಬೋನ್ಸಾಯ್ ಅನ್ನುತ್ತೇವೆ. ಸೂಜವ್ವ ತಟ್ಟೆಮರ ಎಂದು ಹೆಸರಿಟ್ಟಳು. ಅವಳಿಗೆ ಮಕ್ಕಳಿರಲಿಲ್ಲ. ಹೆತ್ತ ಮಗುವಿನಂತೆ ಅದನ್ನು ನೋಡಿಕೊಂಡಳು.

ಅವಳ ಬಿಲ ದಟ್ಟ ಮುಳ್ಳುಪೊದೆಯ ನಡುವೆ ಇತ್ತು. ಮುಳ್ಳಿಗೆ ಹೆದರಿ ಅಲ್ಲಿಗೆ ಯಾರೂ ಬರುತ್ತಿರಲಿಲ್ಲ. ಬರುತ್ತಿದ್ದವನು ಒಬ್ಬನೇ, ಕಪ್ಪು ಮೂತಿಯ ಮುಸುವ ನಾಜೂಕಯ್ಯ. ಮೇಲಿನ ಕೊಂಬೆಯಿಂದ ಇಳಿದು, ಸೂಜವ್ವ ಕೂಡಿಟ್ಟ ನೆಲ್ಲಿಕಾಯಿ ತಿನ್ನುತ್ತಾ ಕೂರುತ್ತಿದ್ದ.

"ಇದೇನವ್ವಾ, ಗಿಡಕ್ಕೆ ಜಡೆ ಹಾಕ್ತಿದ್ದೀಯಾ?" ಎಂದು ಕೇಳುತ್ತಿದ್ದ. ಅವಳು ಕೋಪ ಮಾಡಿಕೊಳ್ಳದೆ ಎಲ್ಲವನ್ನೂ ವಿವರಿಸುತ್ತಿದ್ದಳು. ಕತ್ತರಿಸುವ ದಿನ, ತಂತಿ ಸುತ್ತುವ ದಿನ ಅವನು ಕಣ್ಣು ಬಿಟ್ಟು ನೋಡುತ್ತಿದ್ದ. ಗಿಡ ಸುಮ್ಮನೆ ಇದ್ದ ತಿಂಗಳುಗಳಲ್ಲಿ ನೋಡುವುದಕ್ಕೆ ಏನಿದೆ? ನೆಲ್ಲಿಕಾಯಿ ಮುಗಿಸಿ ನಿದ್ದೆ ಹೊಡೆಯುತ್ತಿದ್ದ.

ಆ ವರ್ಷ ಕಾಡಿನ ಯಜಮಾನರಾದ ಕಾಟಿಗೌಡರು ಡಂಗುರ ಸಾರಿಸಿದರು. ಅವರು ದೊಡ್ಡ ಕೋಡಿನ ಕಾಡುಕೋಣ, ಮಾತೂ ಅಷ್ಟೇ ಜೋರು. "ಚಿಗುರಿನ ಹಬ್ಬಕ್ಕೆ ನೀವು ಬೆಳೆಸಿದ ಗಿಡ ತನ್ನಿ. ಚೆನ್ನಾಗಿ ಬೆಳೆಸಿದವರಿಗೆ ಊಟೆಯ ಪಕ್ಕದ ಜಾಗ ಬಿಟ್ಟುಕೊಡ್ತೀವಿ!"

ಊಟೆ ಅಂದರೆ ನೆಲದಿಂದ ನೀರು ಉಕ್ಕುವ ಜಾಗ. ಅಲ್ಲಿ ಬೆಳಿಗ್ಗೆ ಬಿಸಿಲು, ಮಧ್ಯಾಹ್ನ ನೆರಳು. ಸೂಜವ್ವನ ಪೊದೆಯಲ್ಲಿ ಬೇಸಗೆ ಬಂದರೆ ಕೆಂಡ. ಹೋದ ಬೇಸಗೆಯಲ್ಲಿ ತಟ್ಟೆಮರ ಸಾಯದೆ ಉಳಿದಿದ್ದೇ ಹೆಚ್ಚು. ಆ ಜಾಗ ಸಿಕ್ಕರೆ ಮರ ಬದುಕುತ್ತದೆ ಎಂದು ಅವಳು ಆಸೆಪಟ್ಟಳು.

ಆದರೆ ಹಬ್ಬದ ಸಭೆ ನಡೆಯುವುದು ಎತ್ತರದ ಬಂಡೆಯ ಮೇಲೆ. ತಟ್ಟೆ ತಳ್ಳಿಕೊಂಡು ಹತ್ತುವುದು ಹೇಗೆ?

"ನಾನಿಲ್ವಾ ಅವ್ವಾ? ಇಷ್ಟು ವರ್ಷ ನಿನ್ನ ನೆಲ್ಲಿಕಾಯಿ ತಿಂದಿಲ್ವಾ? ನಾನು ಹೊತ್ಕೊಂಡು ಹೋಗ್ತೀನಿ, ನೀನು ನಿಧಾನವಾಗಿ ಬಾ" ಎಂದ ನಾಜೂಕಯ್ಯ.

"ತಟ್ಟೆ ಅಡಿಗೆ ಕೈ ಕೊಡಪ್ಪಾ. ಜೋಪಾನ ಕಣೋ" ಎಂದು ಪಾಪ, ಅವಳೇ ಎತ್ತಿಕೊಟ್ಟಳು.

ಏದುಸಿರು ಬಿಡುತ್ತಾ ಸೂಜವ್ವ ಬಂಡೆ ಹತ್ತುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಮೇಲೆ ಏನು ನೋಡುತ್ತಾಳೆ! ತಟ್ಟೆಮರದ ಪಕ್ಕದಲ್ಲಿ ನಾಜೂಕಯ್ಯ ಕೊರಳಿಗೆ ಹೂಮಾಲೆ ಹಾಕಿಕೊಂಡು ಕುಳಿತಿದ್ದಾನೆ. "ಎರಡನೇ ವರ್ಷ ಕೊಂಬೆ ತೆಗೆದೆ, ಮೂರನೇ ವರ್ಷ ಬೇರು ತೆಗೆದೆ" ಎಂದು ಅವಳ ಮಾತುಗಳನ್ನೇ ಗಿಣಿಪಾಠ ಒಪ್ಪಿಸುತ್ತಿದ್ದಾನೆ.

"ಅಯ್ಯೋ ಪಾಪಿ! ಅದು ನನ್ನ ಮರ ಗೌಡ್ರೇ! ಬೇಕಾದ್ರೆ ಮೊಲದಣ್ಣನ್ನ ಕೇಳಿ" ಎಂದು ಸೂಜವ್ವ ಕೂಗಿದಳು.

ಮೊಲದಣ್ಣ ಎದ್ದು ನಿಂತ. "ಹೌದು ಗೌಡ್ರೇ, ಗಿಡ ತಗೊಂಡಿದ್ದು ಸೂಜವ್ವನೇ" ಎಂದ.

ನಾಜೂಕಯ್ಯ ಒಂಚೂರೂ ಅಳುಕಲಿಲ್ಲ. "ನಾನೆಲ್ಲಿ ಇಲ್ಲ ಅಂದೆ? ತಗೊಂಡಿದ್ದು ಅವಳೇ. ತಿನ್ನೋಕೆ! ನಾನು ಬಿಡಿಸಿಕೊಂಡು ಬಂದು ಸಾಕಿದೆ. ಮುಳ್ಳುಹಂದಿ ಎಲ್ಲಾದ್ರೂ ಗಿಡ ಸಾಕುತ್ತಾ ಗೌಡ್ರೇ?"

ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ಸೂಜವ್ವನ ಮೈಯೆಲ್ಲ ಉರಿದು ಮುಳ್ಳುಗಳು ಜರಜರ ಎಂದು ನೆಟ್ಟಗಾದವು. "ನೋಡಿ ನೋಡಿ, ಚುಚ್ಚೋಕೆ ಬರ್ತಾಳೆ!" ಎಂದು ನಾಜೂಕಯ್ಯ ಗೌಡರ ಹಿಂದೆ ಅವಿತುಕೊಂಡ.

ಅನ್ಯಾಯವಾದವರು ಕೋಪ ಮಾಡಿಕೊಂಡರೂ ತಪ್ಪೇ? ಕಾಟಿಗೌಡರು ಅವಳನ್ನು ಇನ್ನೊಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ. "ಮರ ಮುಸುವನದು, ಊಟೆಯ ಜಾಗವೂ ಅವನದೇ. ಇವಳನ್ನ ಕೆಳಗೆ ಕಳಿಸಿ" ಎಂದುಬಿಟ್ಟರು.

ಅಲ್ಲಿಗೂ ಮುಗಿಯಲಿಲ್ಲ. ಗೌಡರಿಗೆ ಇನ್ನೊಂದು ಆಸೆ ಬಂತು. "ಎರಡು ತಿಂಗಳಿಗೆ ಪಕ್ಕದ ಕಾಡಿನ ಆನೆ ದೊಡ್ಡಮ್ಮ ಬರ್ತಾರೆ. ಅವರಿಗೆ ಇದನ್ನೇ ಕಾಣಿಕೆ ಕೊಡೋಣ. ಆದ್ರೆ ಇನ್ನೂ ಚಿಕ್ಕದಾಗಬೇಕು, ಚಿಪ್ಪಿನಷ್ಟು ತಟ್ಟೇಲಿ ಇರಬೇಕು. ಆಗುತ್ತೇನಯ್ಯಾ?"

"ಏಳು ವರ್ಷ ಮಾಡಿದವನಿಗೆ ಇದೇನು ಮಹಾ? ಒಂದು ದಿನ ಸಾಕು ಗೌಡ್ರೇ!" ಎಂದ ನಾಜೂಕಯ್ಯ.

ಮಾಡಿಯೂ ಬಿಟ್ಟ. ಒಂದೇ ಬೆಳಿಗ್ಗೆ ಮೇಲಿನ ಹಸಿರನ್ನು ಮುಕ್ಕಾಲು ಪಾಲು ಬೋಳಿಸಿದ. ಬೇರು ಹಿಡಿದು ಪರಪರ ಹರಿದ. ಉಳಿದ ಕೊಂಬೆಗಳಿಗೆ ತಂತಿ ಬಿಗಿದು ಲಟಲಟ ತಿರುಚಿದ. ಚಿಪ್ಪಿನಷ್ಟು ತಟ್ಟೆಯಲ್ಲಿ ತುರುಕಿ, ಎಲ್ಲರಿಗೂ ಕಾಣಲಿ ಎಂದು ಬಿಸಿಲಿಗಿಟ್ಟ. ಅವನು ನೋಡಿ ಕಲಿತ ಕೆಲಸವನ್ನೆಲ್ಲ ಮಾಡಿದ. ಕಾಯುವುದನ್ನು ಅವನು ನೋಡಿಯೇ ಇರಲಿಲ್ಲ!

ಹತ್ತು ದಿನದ ಮೇಲೆ ಸೂಜವ್ವ ಮನಸ್ಸು ತಡೆಯದೆ ಊಟೆಯ ಹತ್ತಿರ ಬಂದಳು. ಮರ ನೋಡಿದವಳೇ ಎದೆ ಬಡಿದುಕೊಂಡಳು. ಚಿಗುರಿನ ತುದಿ ಮುಟ್ಟಿ ನೋಡಿದಳು. ಮೆತ್ತಗಿರಬೇಕಾದದ್ದು ಗರಿಗರಿ ಆಗಿತ್ತು. ಒಂದೇ ಉಸಿರಿಗೆ ಗೌಡರ ಹತ್ತಿರ ಓಡಿದಳು.

"ಗೌಡ್ರೇ, ಮರ ಸಾಯ್ತಾ ಇದೆ. ಒಂದಿಷ್ಟು ಜೀವ ಇರಬಹುದು, ನನ್ನ ಕೈಗೆ ಕೊಡಿ. ಹೆಸರು ಅವನದೇ ಇರಲಿ, ಜಾಗ ಅವನದೇ ಇರಲಿ. ನನಗೆ ಏನೂ ಬೇಡ. ಮರ ಬದುಕಲಿ."

"ಕಣ್ಣು ಕಾಣಲ್ವಾ ನಿಂಗೆ? ಹಸಿರಾಗಿದೆಯಲ್ಲ!"

"ಈ ಗಿಡ ಸತ್ತ ಮೇಲೂ ಒಂದೆರಡು ತಿಂಗಳು ಹಸಿರಾಗೇ ಇರುತ್ತೆ ಗೌಡ್ರೇ."

"ಸತ್ತ ಮೇಲೂ ಹಸಿರಂತೆ! ಕೇಳಿದ್ರಾ?" ಎಂದು ನಾಜೂಕಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. ಗೌಡರೂ ನಕ್ಕರು. "ಹೊಟ್ಟೆಕಿಚ್ಚು ಒಳ್ಳೇದಲ್ಲಮ್ಮಾ" ಎಂದು ಬುದ್ಧಿ ಬೇರೆ ಹೇಳಿದರು! ಸೂಜವ್ವ ಅಳುತ್ತಾ ಹಿಂದಿರುಗಿದಳು.

ದಿನ ಕಳೆದಂತೆ ಮರದ ಹಸಿರು ಮಂಕಾಯಿತು. ನಾಜೂಕಯ್ಯನೂ ಅದನ್ನು ಗಮನಿಸಿದ. ಆನೆ ದೊಡ್ಡಮ್ಮ ಬರುವ ಬೆಳಿಗ್ಗೆ ಹಿಪ್ಪೆ ಎಣ್ಣೆ ತಂದು ಎಲೆಗೆಲ್ಲ ಸವರಿದ. ಮರ ಫಳಫಳ ಹೊಳೆಯಿತು.

ಕಾಡೆಲ್ಲ ಸೇರಿತ್ತು. ಸೂಜವ್ವ ಹಿಂದಿನ ಸಾಲಿನಲ್ಲಿ ನಿಂತಿದ್ದಳು. ಆನೆ ದೊಡ್ಡಮ್ಮ ಬಂದರು. ಗೌಡರು ಎದೆಯುಬ್ಬಿಸಿ, "ನಮ್ಮ ಕಾಡಿನ ಕಾಣಿಕೆ ದೊಡ್ಡಮ್ಮಾ" ಎಂದರು. ದೊಡ್ಡಮ್ಮ ಸೊಂಡಿಲು ಚಾಚಿ ಮೂಸಿದರು.

"ಗಿಡದ ವಾಸನೆಯೇ ಇಲ್ಲವಲ್ಲ. ಬರೀ ಹಿಪ್ಪೆ ಎಣ್ಣೆ!" ಎಂದು ಮೆಲ್ಲಗೆ ಒಂದು ಕೊಂಬೆ ಮುಟ್ಟಿದರು.

ಸುರ್ರನೆ ಎಲೆಗಳೆಲ್ಲ ಉದುರಿದವು. ಇನ್ನೊಂದು ಕೊಂಬೆ ಮುಟ್ಟಿದರು, ಅದು ಲಟಕ್ಕನೆ ಮುರಿಯಿತು. ತಟ್ಟೆಯಲ್ಲಿ ಒಂದು ಒಣಕಡ್ಡಿ ಉಳಿಯಿತು.

"ಅತಿಥಿಗೆ ಸತ್ತ ಗಿಡವನ್ನ ಕೊಡ್ತೀರಾ ಗೌಡ್ರೇ?" ಎಂದು ದೊಡ್ಡಮ್ಮ ಕೇಳಿದರು. ಗೌಡರ ಮುಖ ಕಪ್ಪಿಟ್ಟಿತು. ನಾಜೂಕಯ್ಯನ ಕಡೆ ತಿರುಗಿ ನೆಲ ಕೆರೆದರು. "ಏನೋ ಇದು? ಯಾರು ಕೊಂದಿದ್ದು?"

ನಾಜೂಕಯ್ಯ ಬಾಯಿಗೆ ಬಂದಿದ್ದನ್ನು ಬಡಬಡಿಸಿದ. "ನಾನಲ್ಲ ಗೌಡ್ರೇ! ಈ ಮರ ನಂದಲ್ಲವೇ ಅಲ್ಲ! ಏಳು ವರ್ಷವೂ ಮಾಡಿದ್ದು ಆ ಸೂಜವ್ವ. ನಾನು ಬರೀ ಮೇಲಕ್ಕೆ ಹೊತ್ಕೊಂಡು ಬಂದೆ, ಅಷ್ಟೇ. ತಪ್ಪಿದ್ರೆ ಅವಳದು! ಅವಳನ್ನ ಕೇಳಿ!"

ಮರ ಯಾರದೆಂದು ಯಾರೂ ಕೇಳದೆಯೇ ಎಲ್ಲವನ್ನೂ ಅವನ ಬಾಯೇ ಹೇಳಿಬಿಟ್ಟಿತ್ತು. ಸೂಜವ್ವ ಮುಳ್ಳು ಕೆದರಿಕೊಂಡು ಮುಂದೆ ಬಂದಳು. ಈ ಸಲ ಎಲ್ಲರೂ ದಾರಿ ಬಿಟ್ಟರು.

"ಹೂಮಾಲೆ ಹಾಕುವಾಗ ಮರ ನಿಂದು. ಕೊಂದ ಮೇಲೆ ನಂದಾ? ಥೂ ನಿನ್ನ! ನೀನು ಕದ್ದಾಗ ಆದದ್ದಕ್ಕಿಂತ ಹೆಚ್ಚು ಅಸಹ್ಯ ಈಗ ಆಗ್ತಿದೆ ಕಣೋ" ಎಂದಳು.

ಗೌಡರು ನಾಜೂಕಯ್ಯನನ್ನು ಕೋಡಿನಿಂದ ಎತ್ತಿ ಊಟೆಯ ಆಚೆಗೆ ಎಸೆದರು. ಅವನಿಗೆ ತಕ್ಕ ಶಾಸ್ತಿ ಅಷ್ಟಕ್ಕೇ ಮುಗಿಯಲಿಲ್ಲ. ಅಂದಿನಿಂದ ಅವನು ಸ್ವಂತ ಕೈಯಾರೆ ಕಿತ್ತ ಹಣ್ಣು ಹಿಡಿದು ಬಂದರೂ, "ಇದು ಯಾರದ್ದಪ್ಪಾ?" ಎಂದು ಅಳಿಲುಗಳೂ ಕೇಳುತ್ತಿದ್ದವು. ನನ್ನದೇ ಎಂದು ಆಣೆ ಇಟ್ಟರೂ ಒಬ್ಬರೂ ನಂಬುತ್ತಿರಲಿಲ್ಲ.

ಕಾಟಿಗೌಡರು ತಲೆ ತಗ್ಗಿಸಿ ಸೂಜವ್ವನ ಮುಂದೆ ನಿಂತರು. "ತಪ್ಪಾಯ್ತಮ್ಮಾ. ಊಟೆಯ ಜಾಗ ನಿಂದೇ. ಕಾಡಿನ ದೊಡ್ಡ ತೋಟಗಾರ್ತಿ ಅಂತ ಬಿರುದೂ ಕೊಡ್ತೀನಿ. ಇನ್ನೇನು ಬೇಕು ಕೇಳು, ಕೊಡ್ತೀನಿ."

ಸೂಜವ್ವ ಉದುರಿದ ಎಲೆಗಳನ್ನು ಒಂದೊಂದಾಗಿ ತಟ್ಟೆಗೆ ಆಯ್ದುಹಾಕಿದಳು. ಆಮೇಲೆ ತಲೆಯೆತ್ತಿದಳು.

"ಏಳು ವರ್ಷ ಕೊಡ್ತೀರಾ ಗೌಡ್ರೇ?" ಎಂದು ಕೇಳಿದಳು.



ನೀತಿ: ಬೇರೆಯವರ ದುಡಿಮೆಯನ್ನು ತನ್ನದೆಂದು ಹೇಳಿಕೊಳ್ಳುವವನು ಕಷ್ಟ ಬಂದಾಗ ತಾನೇ ಬಾಯಿಬಿಟ್ಟು ಸಿಕ್ಕಿಬೀಳುತ್ತಾನೆ, ಆದರೆ ವಿಚಾರಿಸದೆ ಅವನನ್ನು ನಂಬಿದವರು ದುಡಿದವರಿಗೆ ಮಾಡಿದ ನಷ್ಟವನ್ನು ಯಾವ ಬಿರುದೂ ತುಂಬಿಕೊಡುವುದಿಲ್ಲ.